ಗಾಳಿ ತಿಂದ ಚಾರ್ಜು

ಲಾರಿ ಬಂದು ಮನೆ ಮುಂದೆ ನಿಂತ ದಿನ ಸೆಂಗೋಡನ್ ಕುರ್ಚಿ ಬಿಟ್ಟು ಏಳಲಿಲ್ಲ. ಕೂತಲ್ಲಿಂದಲೇ ಅದರ ಮೂತಿಯನ್ನೊಮ್ಮೆ, ಬೆನ್ನನ್ನೊಮ್ಮೆ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಇದೇನೇ ಪಾವಾಯಿ, ಪಳನಿಗೆ ಹೋಗಿ ತಲೆ ಬೋಳಿಸ್ಕೊಂಡು ಬಂದವನ ಹಾಗಿದೆಯಲ್ಲೇ ನಿನ್ನ ಲಾರಿ!" ಅಂದ.

ಪಾವಾಯಿ ಜೋರಾಗಿ ನಕ್ಕಳು. ಅವನ ಬಾಯಿಂದ ಇಂಥ ಮಾತು ಕೇಳಿ ಬಹಳ ಕಾಲವಾಗಿತ್ತು.

"ಹಾಗಾದ್ರೆ ಕೂದಲು ನೀವೇ ನೆಡಿ ಮಾಮ. ಸುಮ್ನೆ ಕೂತಿದ್ದೀರಲ್ಲ."

ನಗುನಗುತ್ತಾ ಆಡಿದ ಮಾತು. ಸೆಂಗೋಡನ್ ಅದನ್ನು ನಿಜವೆಂದೇ ತೆಗೆದುಕೊಂಡ.

ನಾಮಕ್ಕಲ್ಲಿನ ಮೊಟ್ಟೆ ಗೋದಾಮುಗಳಲ್ಲಿ ಸೆಂಗೋಡನ್‌ನ ಲಾರಿಯನ್ನು ಗುರುತಿಸಲು ನಂಬರು ಓದಬೇಕಿರಲಿಲ್ಲ. ಅವನು ಓಡಿಸಿದ ಪ್ರತಿ ಲಾರಿಯ ತಲೆಯ ಮೇಲೂ ರೆಕ್ಕೆ ಬಿಚ್ಚಿದ ತಗಡಿನ ನವಿಲೊಂದು ಇರುತ್ತಿತ್ತು. ಮುರುಗನ ನವಿಲು. ತಿರುಚೆಂಗೋಡಿನ ಬೆಟ್ಟದ ಕೆಳಗೆ ಅದನ್ನು ಮಾಡಿಸಿದ್ದ. ಗುವಾಹಟಿ, ಅಮೃತಸರ, ಕಾಶ್ಮೀರದವರೆಗೂ ಅದನ್ನು ಹೊತ್ತು ಹೋಗಿ ಬಂದಿದ್ದ. ಕೊನೆಗೆ ಬೆನ್ನುಮೂಳೆಯ ಡಿಸ್ಕು ಜಾರಿತು, ಕೊಯಮತ್ತೂರಿನಲ್ಲಿ ಆಪರೇಷನ್ ಆಯಿತು, ಇನ್ನು ಸ್ಟೇರಿಂಗ್ ಮುಟ್ಟುವ ಹಾಗಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು. ಅಂದಿನಿಂದ ಅವನು ಬೇವಿನ ಮರದ ಕೆಳಗಿನ ಕುರ್ಚಿಯಲ್ಲಿದ್ದ.

ಪಾವಾಯಿಗೆ ಗಾಡಿ ಹೊಸದೇನಲ್ಲ. ತವರಿನಲ್ಲಿ ಅಣ್ಣ ಮಾರಪ್ಪನ್ ಜೊತೆ ಹುಡುಗಿಯಾಗಿದ್ದಾಗಲೇ ಟ್ರ್ಯಾಕ್ಟರ್ ಓಡಿಸಿದವಳು. ಗಂಡ ಮಲಗಿದ ಮೇಲೆ ಹೆವಿ ಲೈಸೆನ್ಸ್ ಮಾಡಿಸಿಕೊಂಡಳು. ಸೀರೆಯ ಮೇಲೆ ಅವನ ಹಳೆಯ ಖಾಕಿ ಅಂಗಿ ತೊಟ್ಟು ಹಳೆಯ ಡೀಸೆಲ್ ಲಾರಿಯನ್ನೇ ಒಂದಷ್ಟು ಕಾಲ ಪಾಲಕ್ಕಾಡಿಗೆ ಓಡಿಸಿದಳು. ಕ್ಲಚ್ಚು ತುಳಿದು ತುಳಿದು ಎಡಮಂಡಿ ಊದಿಕೊಂಡಾಗ ಅದನ್ನು ಕೊಟ್ಟು ಈ ಕರೆಂಟ್ ಲಾರಿ ತಂದಳು. ಇದಕ್ಕೆ ಕ್ಲಚ್ಚಿಲ್ಲ, ಗೇರಿಲ್ಲ, ಸದ್ದೂ ಇಲ್ಲ. ಗೋದಾಮಿನಲ್ಲಿ ಅದಕ್ಕೆ 'ಸೆಲ್‌ಫೋನ್ ಲಾರಿ' ಎಂದು ಹೆಸರಿಟ್ಟರು.

ಸೆಂಗೋಡನ್ ಕೂದಲು ನೆಡತೊಡಗಿದ. ಬಾಡಿ ಕಟ್ಟುವ ಶೆಡ್ಡು ಮಾರಪ್ಪನ್‌ದೇ. ಅಲ್ಲಿಂದ ವೆಲ್ಡರುಗಳನ್ನು ಕರೆಸಿ ಅಂಗಳದಲ್ಲೇ ಕೆಲಸ ಹಚ್ಚಿದ. ಕ್ಯಾಬಿನ್ನಿನ ಮೇಲೆ ಕಬ್ಬಿಣದ ಕ್ಯಾರಿಯರ್ ಬಂತು. ಕ್ಯಾರಿಯರಿನ ಮುಂದೆ 'ಅರ್ಧನಾರೀಶ್ವರನೇ ಗತಿ' ಎಂದು ಬರೆಸಿದ ಕಮಾನು ಹಲಗೆ, ಅದರ ಮೇಲೆ ದೀಪದ ಸಾಲು, ದೀಪದ ಹಿಂದೆ ನವಿಲು. ಗಾಜಿನ ಹಣೆಗೆ ಬಿಸಿಲು ತಡೆಯುವ ದೊಡ್ಡ ತಗಡು, ಮೂತಿಗೆ ದಪ್ಪ ಪೈಪಿನ ಗಾರ್ಡು, ಪಕ್ಕಕ್ಕೆ ಎರಡು ಉದ್ದನೆ ಹಾರ್ನು. ಕನ್ನಡಿಗಳಿಗೆ ಕಪ್ಪು ಕುಚ್ಚು. ಒಂದೊಂದು ಸೇರಿದಾಗಲೂ ಅವನು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾಗುತ್ತಿದ್ದ. ಪಾವಾಯಿಗೂ ಅದು ಚಂದವೇ ಕಂಡಿತು. ನವಿಲಿನ ಕೊರಳಿಗೆ ಕುಂಕುಮವಿಟ್ಟವಳು ಅವಳೇ.

ಚಿತ್ತಿರೈ, ವೈಗಾಸಿ, ಆನಿ ತಿಂಗಳುಗಳು ಹೇಗೋ ಕಳೆದವು. ಬೆಳಗಿನ ಜಾವ ಮೊಟ್ಟೆ ಟ್ರೇಗಳನ್ನು ಕ್ಯಾಬಿನ್ನಿಗಿಂತ ಎತ್ತರಕ್ಕೆ ಪೇರಿಸಿ, ಟಾರ್ಪಾಲು ಹೊದಿಸಿ, ಹಗ್ಗ ಬಿಗಿದು ಹೊರಟರೆ ಈರೋಡು, ಅವಿನಾಶಿ, ಕೊಯಮತ್ತೂರು ದಾಟಿ ಹತ್ತರೊಳಗೆ ಪಾಲಕ್ಕಾಡಿನ ಮೊಟ್ಟೆ ವ್ಯಾಪಾರಿ ಮೊಯ್ದು ಅವರ ಗೋದಾಮು. ಅಲ್ಲಿ ಮೊಟ್ಟೆ ಇಳಿಸುವಷ್ಟು ಹೊತ್ತು ಲಾರಿಯನ್ನು ಚಾರ್ಜಿಗೆ ಹಾಕಿ ವಾಪಸು. ಪರದೆಯ ಮೇಲೆ ಉಳಿಯುವ ಚಾರ್ಜು ಮಾತ್ರ ಮೊದಲಿನಷ್ಟಿರಲಿಲ್ಲ. ಬ್ಯಾಟರಿ ಸ್ವಲ್ಪ ಇಳಿದಿರಬೇಕು ಎಂದುಕೊಂಡು ಅವಳು ಸುಮ್ಮನಾದಳು.

ಆಡಿ ತಿಂಗಳು ಹುಟ್ಟಿತು, ಆಷಾಢದ ಗಾಳಿಯ ಕಾಲ. ಆಡಿಯಲ್ಲಿ ಕೇರಳದ ಮಳೆ ಬೆಟ್ಟದ ಆಚೆಗೇ ಉಳಿದು, ಅದರ ಗಾಳಿ ಮಾತ್ರ ಪಾಲಕ್ಕಾಡಿನ ಕಣಿವೆ ಬಾಯಿಂದ ಈಚೆಗೆ ನುಗ್ಗುತ್ತದೆ. ಕೊಯಮತ್ತೂರಿನ ಆಚೆಯ ಮದುಕ್ಕರೈ ದಾಟಿದ ಮೇಲೆ ಅದಕ್ಕೆ ಅಡ್ಡ ಬರುವುದು ಏನೂ ಇಲ್ಲ. ಆ ದಿನ ಪಾವಾಯಿ ಮದುಕ್ಕರೈ ಮುಟ್ಟುವ ಹೊತ್ತಿಗೇ ಪರದೆಯ ಅಂಕಿ ಕೆಂಪಾಗಿತ್ತು. ಕಾಲು ಒತ್ತಿದರೂ ಲಾರಿ ಮುನ್ನುಗ್ಗುತ್ತಿಲ್ಲ. ತಲೆಯ ಮೇಲೆ ನವಿಲಿನ ರೆಕ್ಕೆ ಗಡಗಡ ಅಲುಗಿ ಕ್ಯಾಬಿನ್ನಿನೊಳಗೆ ಮಾತು ಕೇಳದಷ್ಟು ಸದ್ದು. ಸ್ವಲ್ಪ ದೂರದಲ್ಲಿ ಪರದೆಯ ಮೇಲೆ ಪುಟ್ಟ ಆಮೆಯ ಚಿತ್ರ ಮೂಡಿತು. ಇನ್ನು ನಡಿಗೆಯ ವೇಗ ಎಂದು ಅರ್ಥ. ಅವಳು ಲಾರಿಯನ್ನು ರಸ್ತೆಯ ಪಕ್ಕಕ್ಕೆ ತಂದಳು. ಕೇರಳದ ಗಡಿಯ ವಾಳಯಾರಿನ ಚಾರ್ಜಿಂಗ್ ಕೇಂದ್ರ ಇನ್ನೂ ದೂರವಿತ್ತು.

ಹಿಂದಿನಿಂದ ಬಂದ ಡೀಸೆಲ್ ಲಾರಿಯೊಂದು ಪಕ್ಕದಲ್ಲಿ ನಿಧಾನವಾಯಿತು. ಕಾಳಿಯಣ್ಣನ್. ನಾಮಕ್ಕಲ್ಲಿನವನೇ, ಸೆಂಗೋಡನ್ ಜೊತೆ ಕ್ಲೀನರಾಗಿ ಕೆಲಸ ಕಲಿತವನು.

"ಏನ್ ತಂಗಿ, ಚಾರ್ಜರ್ ಮನೇಲೇ ಮರೆತು ಬಂದ್ಯಾ?"

"ಹಲ್ಲು ಕಿಸೀಬೇಡ ಅಣ್ಣ. ಇಳಿದು ಬಾ, ಮೊಟ್ಟೆ ಇಳಿಸ್ಬೇಕು."

ಬಾಯಿ ಕೆಟ್ಟದಾದರೂ ಕಾಳಿಯಣ್ಣನ್ ಇಳಿದು ಬಂದ. ಪಾಲಕ್ಕಾಡಿನಿಂದ ಮೊಯ್ದು ಎರಡು ಚಿಕ್ಕ ಗಾಡಿಗಳನ್ನು ಕಳಿಸಿದರು. ಟಾರ್ಪಾಲಿನ ಹಗ್ಗ ಸಡಿಲಿಸಿದ್ದೇ ತಡ, ಗಾಳಿ ಅದನ್ನು ಪಟದಂತೆ ಎತ್ತಿತು. ಮೇಲಿನ ಟ್ರೇಗಳು ಒಂದರ ಹಿಂದೊಂದು ಹಾರಿ ಡಾಂಬರಿನ ಮೇಲೆ, ಗಾಜಿನ ಮೇಲೆ, ಪಾವಾಯಿಯ ಖಾಕಿ ಅಂಗಿಯ ಮೇಲೆ ಒಡೆದವು. ಉಳಿದ ಟ್ರೇಗಳ ಮೇಲೆ ಅವಳು ಮೈ ಚಾಚಿ ಮಲಗಿದಳು. ಕೂಲಿಯವರು ಅವಳ ಕಂಕುಳಿನ ಕೆಳಗಿಂದ ಟ್ರೇಗಳನ್ನು ಒಂದೊಂದಾಗಿ ಎಳೆದು ಸಾಗಿಸಿದರು. ಕೊನೆಗೆ ಕ್ರೇನಿನ ಗಾಡಿ ಬಂದು ಸೆಲ್‌ಫೋನ್ ಲಾರಿಯನ್ನು ಎತ್ತಿಕೊಂಡಿತು. ಹೆದ್ದಾರಿಯಲ್ಲಿ ಹೋಗುವವರೆಲ್ಲ ನವಿಲು ಹೊತ್ತ ಲಾರಿಯನ್ನು ಇನ್ನೊಂದು ಗಾಡಿ ಹೊತ್ತು ಹೋಗುವುದನ್ನು ನೋಡಿದರು.

ಸಂಜೆ ಮೊಯ್ದು ಫೋನು ಮಾಡಿದರು. ಕೂಗಾಡಲಿಲ್ಲ, ಅದೇ ಅವಳಿಗೆ ಕಷ್ಟವಾಯಿತು.

"ಪಾವಾಯಿ, ನಿನ್ನ ಮೇಲೆ ನಂಗೆ ಸಿಟ್ಟಿಲ್ಲ. ಆದ್ರೆ ಹತ್ತು ಗಂಟೆಗೆ ನನ್ನ ಅಂಗಡಿಗಳಿಗೆ ಮೊಟ್ಟೆ ಹೋಗ್ಬೇಕು."

"ನಾಳೆಯಿಂದ ಅವಿನಾಶೀಲಿ ಚಾರ್ಜ್ ಮಾಡ್ಕೊಂಡೇ ಬರ್ತೀನಿ ಭಾಯ್."

"ಅಲ್ಲಿ ಕಾರುಗಳ ಸಾಲಲ್ಲಿ ನಿಂತು ಬಂದ್ರೆ ಮಧ್ಯಾಹ್ನ ಆಗುತ್ತೆ. ಅದು ನಂಗೂ ಗೊತ್ತು, ನಿಂಗೂ ಗೊತ್ತು. ಆಡಿ ಮುಗಿಯೋವರೆಗೆ ನೋಡ್ತೀನಿ. ಆಮೇಲೆ ನಾನು ಬೇರೆ ಲಾರಿ ನೋಡ್ಕೋಬೇಕು."

ಒಬ್ಬೊಬ್ಬರು ಒಂದೊಂದು ಹೇಳಿದರು. ಬ್ಯಾಟರಿ ಕೆಟ್ಟಿದೆ, ಟೈರು ಸರಿಯಿಲ್ಲ. ಹೆಂಗಸರ ಕಾಲು ಆಕ್ಸಿಲರೇಟರಿನ ಮೇಲೆ ಒಂದೇ ಸಮ ನಿಲ್ಲುವುದಿಲ್ಲ ಎಂದವರೂ ಇದ್ದರು. ಪಾವಾಯಿ ಮರುದಿನವೇ ಈರೋಡಿನ ಸರ್ವೀಸ್ ಸೆಂಟರಿಗೆ ಲಾರಿ ಒಯ್ದಳು. ಅಲ್ಲಿನ ಇಂಜಿನಿಯರ್ ಯಾಳಿನಿ ಎಂಬಾಕೆ ಕೇಬಲ್ ಸಿಕ್ಕಿಸಿ ಎಲ್ಲ ಪರೀಕ್ಷಿಸಿದಳು.

"ಬ್ಯಾಟರಿಗೆ ಏನೂ ಆಗಿಲ್ಲ ಅಕ್ಕ."

"ಮತ್ತೆ ನನ್ನ ಚಾರ್ಜು ಯಾರು ತಿಂತಿದ್ದಾರೆ?"

ಯಾಳಿನಿ ಲಾರಿಯ ಎದುರಿಗೆ ಹೋಗಿ ನಿಂತು ತಲೆ ಎತ್ತಿದಳು. ಅವಳ ತುಟಿಯಂಚಿನಲ್ಲಿ ನಗು ಬಂದರೂ ಮಾತು ಮೆತ್ತಗಿತ್ತು. "ಕಂಪನಿಯವರು ಹೇಳೋ ದೂರ, ಗಾಡಿ ಕಾರ್ಖಾನೆಯಿಂದ ಹೊರಟಾಗ ಹೇಗಿತ್ತೋ ಹಾಗೇ ಇದ್ರೆ. ನೀವು ಇದರ ತಲೆ ಮೇಲೆ ಒಂದು ಊರನ್ನೇ ಕಟ್ಟಿದ್ದೀರಿ. ಮೊಟ್ಟೆ ಅಷ್ಟೇನೂ ಭಾರ ಅಲ್ಲ. ನಿಮ್ಮ ಲಾರಿ ಹೆಚ್ಚಾಗಿ ದೂಡ್ತಿರೋದು ಗಾಳೀನ."

"ಡೀಸೆಲ್ ಲಾರಿಗಳೂ ಇದನ್ನೆಲ್ಲ ಹೊತ್ಕೊಂಡು ಹೋಗ್ತಾವಲ್ಲ?"

"ಅವೂ ಜಾಸ್ತಿ ಕುಡೀತಾವೆ. ಆದ್ರೆ ಅವಕ್ಕೆ ಹೆಜ್ಜೆಗೊಂದು ಬಂಕಿದೆ, ಗೊತ್ತಾಗಲ್ಲ. ನೋಡಿ, ನೀವು ಅರವತ್ತರಲ್ಲಿ ಹೋಗ್ತಿರ್ತೀರಿ. ಎದುರಿಂದ ಆಡಿ ಗಾಳಿ ಮೂವತ್ತರಲ್ಲಿ ಬರುತ್ತೆ. ಲಾರಿಗೆ ತಾಗೋದು ತೊಂಬತ್ತರ ಗಾಳಿ. ಗಾಳಿ ಎರಡು ಪಟ್ಟು ಜೋರಾದ್ರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತೆ ಅಕ್ಕ."

"ಯಾವುದನ್ನ ತೆಗೆದ್ರೆ ಸರಿ ಹೋಗುತ್ತೆ?"

"ನಂಗೊತ್ತಿಲ್ಲ," ಎಂದಳು ಯಾಳಿನಿ ನೇರವಾಗಿ. "ಒಂದೊಂದೇ ತೆಗೆದು ಓಡಿಸಿ ನೋಡಿ. ನಂಗೂ ಹೇಳಿ."

ದಾರಿಯುದ್ದಕ್ಕೂ ಪಾವಾಯಿ ಯೋಚಿಸಿದ್ದು ಲಾರಿಯ ವಿಷಯವಲ್ಲ. ಗಂಡನಿಗೆ ಹೇಗೆ ಹೇಳುವುದೆಂದು. ಅವನು ಮಲಗಿದ್ದಾಗ ತೆಗೆದುಬಿಡಬಹುದಿತ್ತು. ಅದು ಅವಳಿಗೆ ಒಗ್ಗಲಿಲ್ಲ. ಭಾನುವಾರ ಬೆಳಿಗ್ಗೆ ಸ್ಪ್ಯಾನರುಗಳನ್ನು ತಂದು ಅವನ ಕುರ್ಚಿಯ ಎದುರಿಗೇ ಸುರಿದು, ಯಾಳಿನಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು.

"ಬೇಕಾದ್ದು ತೆಗಿ. ನವಿಲಿಗೆ ಮಾತ್ರ ಕೈ ಹಾಕ್ಬೇಡ," ಅಂದ ಸೆಂಗೋಡನ್.

"ಎಲ್ಲಕ್ಕಿಂತ ಎತ್ತರ ಅದೇ ಮಾಮ. ಗಾಳಿ ಮೊದಲು ಹಿಡಿಯೋದು ಅದನ್ನೇ."

"ಅದನ್ನ ಹೊತ್ಕೊಂಡು ಕಾಶ್ಮೀರಕ್ಕೆ ಹೋಗಿದ್ದೀನಿ. ಯಾವ ಗಾಳೀನೂ ನನ್ನ ತಡೀಲಿಲ್ಲ."

"ನಿಮ್ಮ ಹತ್ರ ಡೀಸೆಲ್ ಇತ್ತು."

"ನಿನ್ನ ಹತ್ರ ಏನಿದೆ?"

"ಮದುಕ್ಕರೈವರೆಗೆ ಚಾರ್ಜ್ ಇದೆ."

ಪಾವಾಯಿ ಲಾರಿಗೆ ಏಣಿ ಒರಗಿಸಿ ಹತ್ತತೊಡಗಿದಳು. ಸೆಂಗೋಡನ್ ದನಿ ಇಳಿಸಿ ಹೇಳಿದ: "ಆ ಲಾರೀಲಿ ನಾನು ಅಂತ ಇರೋದೇ ಅಷ್ಟು ಪಾವಾ. ಅದನ್ನೂ ಇಳಿಸ್ತೀಯಾ?"

ಏಣಿಯ ಅರ್ಧಕ್ಕೆ ಏರಿದ್ದ ಪಾವಾಯಿಯ ಕಾಲುಗಳು ಅಲ್ಲೇ ನಿಂತವು. ಗಂಡನ ಮುಖ ನೋಡಿದರೆ ತಾನು ಇಳಿದುಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು. ಈ ಲಾರಿ ನಿಂತರೆ ಮನೆಯಲ್ಲಿ ಕುರ್ಚಿ ಒಂದಲ್ಲ, ಎರಡಾಗುತ್ತವೆ. ಅವಳು ನೋಡಲಿಲ್ಲ. ಮೇಲೆ ಹತ್ತಿದಳು. ಬೋಲ್ಟು ತುಕ್ಕು ಹಿಡಿದಿರಲಿಲ್ಲ, ಆದರೂ ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಬಿಚ್ಚಿದ ನವಿಲನ್ನು ತನ್ನ ಹಳೆಯ ಸೀರೆಯಲ್ಲಿ ಸುತ್ತಿ ಒಳಗೆ ಮಂಚದ ಪಕ್ಕ ಇಟ್ಟು ಬಂದಳು.

ಸೆಂಗೋಡನ್ ಅಂದಿನಿಂದ ಅವಳ ಜೊತೆ ಮಾತು ಬಿಟ್ಟ.

ಒಂದೊಂದು ಓಟಕ್ಕೂ ಒಂದೊಂದು ವಸ್ತು ಇಳಿಯಿತು. ನವಿಲು, ಕಮಾನು ಹಲಗೆ, ಕ್ಯಾರಿಯರು ಹೋದಾಗ ಚಾರ್ಜು ಎದ್ದು ಕಾಣುವಷ್ಟು ಉಳಿಯಿತು. ಹಣೆಯ ತಗಡೂ ಕಮ್ಮಿ ಕಳ್ಳನಲ್ಲ. ಮೂತಿಯ ಗಾರ್ಡು ಅಷ್ಟಿಷ್ಟು. ಹಾರ್ನು, ಕುಚ್ಚುಗಳಿಂದ ಹೇಳುವಂಥ ವ್ಯತ್ಯಾಸವೇನೂ ಆಗಲಿಲ್ಲ, ಅವನ್ನು ಹಾಗೇ ಬಿಟ್ಟಳು. ಗಾಳಿ ಸುಮ್ಮನಿದ್ದ ದಿನ ಈಗ ಪಾಲಕ್ಕಾಡು ಮುಟ್ಟಬಹುದಿತ್ತು. ಗಾಳಿ ಎದ್ದ ದಿನ ಮಾತ್ರ ವಾಳಯಾರಿನಲ್ಲಿ ಚಾರ್ಜಿಗೆ ನಿಲ್ಲಲೇಬೇಕು, ಮೊಯ್ದು ಗೋದಾಮಿಗೆ ತಡವಾಗಲೇಬೇಕು. ಆಡಿಯಲ್ಲಿ ಗಾಳಿ ಸುಮ್ಮನಿರುವ ದಿನ ಎಷ್ಟು ಸಿಕ್ಕೀತು?

ತಡೆಯಲಾರದೆ ಯಾಳಿನಿಗೆ ಫೋನು ಮಾಡಿದಳು. "ನಿಮ್ಮ ಹೊರೆ ಕ್ಯಾಬಿನ್ನಿಗಿಂತ ಎತ್ತರ ಇದೆ ಅಕ್ಕ," ಅಂದಳು ಯಾಳಿನಿ. "ಕ್ಯಾಬಿನ್ ದಾಟಿದ ಗಾಳಿ ಅದರ ಎದೆಗೆ ಹೋಗಿ ಹೊಡೆಯುತ್ತೆ. ಅದನ್ನ ಮೇಲೆ ಜಾರಿಸೋ ಹಾಗೆ ಏನಾದ್ರೂ ಇಟ್ರೆ ಒಳ್ಳೇದು. ಕಂಪನಿಯದ್ದು ಈ ಮಾಡೆಲ್ಲಿಗೆ ಇನ್ನೂ ಬಂದಿಲ್ಲ."

ಮಾರಪ್ಪನ್ ಕೇಳಿದ ಕೂಡಲೇ ಒಪ್ಪಿದ. ತಂಗಿಯ ಮೇಲೆ ಅವನಿಗೆ ಪ್ರೀತಿ ಬಹಳ, ತಾಳ್ಮೆ ಕಡಿಮೆ. ಅರ್ಧ ದಿನದಲ್ಲಿ ತಗಡು ಕತ್ತರಿಸಿ, ಕ್ಯಾಬಿನ್ನಿನ ಮೇಲೆ ಹೆಚ್ಚುಕಡಿಮೆ ಗೋಡೆಯ ಹಾಗೆ ನಿಲ್ಲಿಸಿ, ಹಿಂದಿನಿಂದ ಎರಡು ಆಸರೆ ಕೊಟ್ಟ. ಮರುದಿನ ರಸ್ತೆಗಿಳಿದಾಗ ಅದು ನಾಯಿ ಊಳಿಟ್ಟಂತೆ ಊಳಿಟ್ಟಿತು. ಚಾರ್ಜು ಒಂದಿಷ್ಟೂ ಉಳಿಯಲಿಲ್ಲ. ಎರಡು ಓಟ ಕಳೆಯುವಷ್ಟರಲ್ಲಿ ಆಸರೆಯೊಂದು ಬಿಟ್ಟುಕೊಂಡು ಪೆರುಂದುರೈ ಹತ್ತಿರ ತಗಡು ಮಡಿಸಿಕೊಂಡಿತು.

ಟೀ ಅಂಗಡಿಯ ಮುಂದೆ ಕಾಳಿಯಣ್ಣನ್ ಸಿಕ್ಕ. "ಏನ್ ತಂಗಿ, ಸೆಲ್‌ಫೋನಿಗೆ ಕೊಡೆ ಹಿಡಿದಿದ್ದೀಯಾ? ಅದೂ ಮುರಿದಿದೆ?"

"ಮುರಿದ್ರೆ ಇನ್ನೊಂದು ಮಾಡ್ತೀನಿ."

"ಬಿಟ್ಟುಬಿಡಮ್ಮ. ಸೆಂಗೋಡಣ್ಣನೇ ಹೇಳ್ತಿದ್ದ, ಲಾರಿ ಅಂದ್ರೆ ಡೀಸೆಲ್ಲೇ ಅಂತ."

"ಅವರು ಯಾರ ಜೊತೆಗಾದ್ರೂ ಮಾತಾಡ್ತಿದ್ದಾರಲ್ಲ, ಅಷ್ಟೇ ಸಾಕು," ಎಂದು ಪಾವಾಯಿ ಟೀ ಮುಗಿಸದೆ ಎದ್ದಳು.

ಶುಕ್ರವಾರ ಲೋಡಿರಲಿಲ್ಲ. ಒಡೆದ ಮೊಟ್ಟೆ ಒಣಗಿ ಟಾರ್ಪಾಲು ನಾರುತ್ತಿತ್ತು. ಅವಳು ಅದನ್ನು ಅಂಗಳದಲ್ಲಿ ಹಾಸಿ, ಬಕೆಟ್ಟಿನಲ್ಲಿ ಸೋಪಿನ ನೀರು ಕಲಸಿ, ಕೆಳಗಿನ ಅಂಚಿನಿಂದ ತಿಕ್ಕತೊಡಗಿದಳು. ಸೆಂಗೋಡನ್ ಎಂದಿನಂತೆ ಬೇವಿನ ಕೆಳಗೆ ಕೂತು ಬೇರೆಲ್ಲೋ ನೋಡುತ್ತಿದ್ದ. ಬ್ರಷ್ಷು ಮೇಲಿನ ಅಂಚಿಗೆ ಬರುವ ಹೊತ್ತಿಗೆ ಅವನ ದನಿ ಕೇಳಿತು.

"ನಿಲ್ಲು. ತೊಳೀಬೇಡ."

ಬ್ರಷ್ಷು ಅವಳ ಕೈಯಲ್ಲೇ ಉಳಿಯಿತು. ಅವನು ಕುರ್ಚಿಯ ಎರಡೂ ತೋಳು ಹಿಡಿದು, ಹಲ್ಲು ಕಚ್ಚಿ ಎದ್ದ. ಗೋಡೆ ಹಿಡಿಯದೆ, ಕೋಲು ತೆಗೆದುಕೊಳ್ಳದೆ ಟಾರ್ಪಾಲಿನ ಹತ್ತಿರ ಬಂದು ಬೆರಳು ತೋರಿಸಿದ.

"ಇದು ಹೊರೆಯ ಮುಂಭಾಗ ತಾನೇ?"

"ಹೌದು."

"ಈ ಹುಳ ನೋಡು."

ಪಾವಾಯಿ ಬಗ್ಗಿದಳು. ಟಾರ್ಪಾಲಿನ ಎದೆಭಾಗದಲ್ಲಿ ಅಲ್ಲೊಂದು ಇಲ್ಲೊಂದು ರೆಕ್ಕೆಹುಳ ಒಣಗಿ ಅಂಟಿತ್ತು. ಮೇಲೆ, ಹೊರೆಯ ನೆತ್ತಿ ಮಡಿಸುವ ಅಂಚಿಗೆ ಸರಿಯಾಗಿ, ಒಂದು ಮೊಳ ಅಗಲಕ್ಕೆ ಹುಳಗಳು ಬಳಿದ ಹಾಗೆ ಮೆತ್ತಿಕೊಂಡಿದ್ದವು. ಎರಡು ಪಕ್ಕಗಳಲ್ಲೂ, ಕ್ಯಾಬಿನ್ನಿಗೂ ಹೊರೆಗೂ ನಡುವಿನ ಸಂದಿಯ ನೇರಕ್ಕೆ, ಅದೇ ಥರ ಒಂದೊಂದು ಪಟ್ಟಿ.

"ಗಾಳಿ ಎಲ್ಲಿ ಹೊಡೆಯುತ್ತೋ ಹುಳ ಅಲ್ಲೇ ಸಾಯುತ್ತೆ," ಅಂದ ಸೆಂಗೋಡನ್. "ನಿಮ್ಮಣ್ಣನ ತಗಡು ಹೊರೆಗಿಂತ ಒಂದು ಮೊಳ ಗಿಡ್ಡ. ಅದಕ್ಕೇ ನೆತ್ತಿ ಮೇಲೆ ಈ ಪಟ್ಟಿ. ಪಕ್ಕದಲ್ಲಿ ಸಂದಿಯೊಳಗೂ ನುಗ್ತಿದೆ. ಗೋಡೆ ಕಟ್ಟಿದ್ರೆ ಗಾಳಿ ನಿಂತ್ಕೊಳ್ಳುತ್ತಾ? ಅದಕ್ಕೆ ದಾರಿ ಮಾಡಿಕೊಡ್ಬೇಕು. ಓರೆಯಾಗಿ, ಗುಂಡಗೆ. ಅವನಿಗೆ ಫೋನ್ ಹಚ್ಚು."

"ನನ್ನ ಜೊತೆ ಮಾತಾಡಿದ್ರಿ," ಅಂದಳು ಪಾವಾಯಿ.

"ನಿನ್ನ ಜೊತೆ ಅಲ್ಲ, ಟಾರ್ಪಾಲಿನ ಜೊತೆ. ಫೋನ್ ಹಚ್ಚೇ."

ಫೋನಿನಲ್ಲಿ ಆಗುವ ಕೆಲಸ ಅದಾಗಿರಲಿಲ್ಲ. ಮರುದಿನ ಸೆಂಗೋಡನ್ ಬೆನ್ನಿಗೆ ದಿಂಬು ಕಟ್ಟಿಕೊಂಡು ಆಟೋ ಹತ್ತಿದ. ಆಸ್ಪತ್ರೆಗಲ್ಲದೆ ಬೇರೆ ಕಡೆಗೆ ಅವನು ಹೊರಟಿದ್ದು ಆಪರೇಷನ್ ಆದಮೇಲೆ ಅದೇ ಮೊದಲು. ಶೆಡ್ಡಿನಲ್ಲಿ ಭಾವ ಭಾವಮೈದುನರ ಜಗಳ ಬೀದಿಗೆಲ್ಲ ಕೇಳಿಸಿತು.

"ಭಾವ, ಬಾಡಿ ಕಟ್ಟೋದು ನನಗೆ ಹೇಳ್ಕೊಡ್ಬೇಡಿ!"

"ಬಾಡಿ ನೀನು ಕಟ್ಟು ಮಾರಪ್ಪ. ಆದ್ರೆ ಆ ಬಾಡಿ ಮುಂದೆ ಕೂತು ಗಾಳಿ ತಿಂದವನು ನಾನು."

ಮೊದಲು ಮೊಟ್ಟೆ ಟ್ರೇಯ ರಟ್ಟುಗಳನ್ನು ಅಂಟಿಸಿ ಆಕಾರ ಮಾಡಿದರು. ಅದನ್ನು ಲಾರಿಯ ಮೇಲಿಟ್ಟು, ಸೆಂಗೋಡನ್ ದೂರದಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ಇನ್ನೂ ಬಾಗಲಿ, ಇನ್ನೂ ಬಾಗಲಿ ಎಂದು ಕೂಗಿದ. ಒಪ್ಪಿಗೆಯಾದ ಮೇಲೆ ತಗಡು ಬಾಗಿಸಿದರು. ಗಾಜಿನ ಮೇಲಂಚಿನಿಂದ ಶುರುವಾಗಿ ಹೊರೆಯ ನೆತ್ತಿಯವರೆಗೆ ಜಾರುಬಂಡೆಯಂತೆ ಏರುವ ಬೆನ್ನು, ಎರಡು ಪಕ್ಕಕ್ಕೂ ಸಂದಿ ಮುಚ್ಚುವ ಕಿವಿಗಳು, ಒಳಗೆ ಅಲುಗದಂತೆ ಪಕ್ಕೆಲುಬುಗಳು. ಬಣ್ಣ ಬಳಿಯುವಾಗ ಮಾರಪ್ಪನ್ ಸಮಾಧಾನದ ದನಿಯಲ್ಲಿ, "ಇದರ ಮೇಲೆ ನವಿಲಿನ ಚಿತ್ರ ಬರೆಸೋಣ ಭಾವ, ಬಣ್ಣಕ್ಕೆ ಗಾಳಿ ತಾಗಲ್ಲ," ಅಂದ.

ಸೆಂಗೋಡನ್ ಬೇಡವೆಂದ. "ಬಿಳಿ ಬಳಿ. ಹುಳ ಎಲ್ಲಿ ಸಾಯ್ತವೆ ಅಂತ ಕಾಣ್ಬೇಕು."

ಪಾವಾಯಿ ತನ್ನ ಕಡೆಯ ಕೆಲಸ ಮಾಡಿದಳು. ಲಾರಿಯ ಹಿಂತುದಿಯಲ್ಲಿ ಖಾಲಿ ಬಿಡುತ್ತಿದ್ದ ಜಾಗಕ್ಕೂ ಟ್ರೇ ಪೇರಿಸಿ ಇಡೀ ಹೊರೆಯನ್ನು ಎರಡು ಟ್ರೇಯಷ್ಟು ತಗ್ಗಿಸಿದಳು. ಹಿಂದಕ್ಕೆ ಹೊತ್ತು ಹೋಗಬೇಕಲ್ಲ ಎಂದು ಹಮಾಲರು ಗೊಣಗಿದರು. ಅವಳು ತಾನೂ ಅವರ ಜೊತೆ ಹೊತ್ತಳು. ಟಾರ್ಪಾಲು ಪಟಪಟ ಬಡಿಯದಂತೆ ಹಗ್ಗವನ್ನು ಎರಡು ಸುತ್ತು ಹೆಚ್ಚಾಗಿ ಬಿಗಿದಳು.

ಗಾಳಿ ಎಲ್ಲಕ್ಕಿಂತ ಜೋರಾಗಿದ್ದ ಒಂದು ಬೆಳಿಗ್ಗೆ ಹೊರಡುವಾಗ ಎಡಗಡೆಯ ಸೀಟಿನಲ್ಲಿ ಸೆಂಗೋಡನ್ ಕೂತಿದ್ದ.

"ಡಾಕ್ಟರು ಏನಂದಿದ್ದಾರೆ?"

"ಸ್ಟೇರಿಂಗ್ ಮುಟ್ಬೇಡ ಅಂದಿದ್ದಾರೆ. ಮುಟ್ಟಲ್ಲ. ನಡಿ."

ಅವಳು ಇಳಿಸಲಿಲ್ಲ. ಮನೆಯಲ್ಲಿದ್ದ ದಿಂಬನ್ನೆಲ್ಲ ತಂದು ಅವನ ಬೆನ್ನಿಗೆ, ಪಕ್ಕಕ್ಕೆ ತುರುಕಿದಳು.

ಲಾರಿ ಈರೋಡು ದಾಟಿತು. ಹೊಸ ತಗಡಿನಿಂದ ಸದ್ದಿಲ್ಲ. ತಲೆಯ ಮೇಲೆ ಏನೂ ಇಲ್ಲವೇನೋ ಎನ್ನುವಷ್ಟು ಮೌನ. ಸೆಂಗೋಡನ್‌ಗೆ ಅದು ಹಿಡಿಸಲಿಲ್ಲ. "ಲಾರೀಲಿ ಹೋಗ್ತಿದ್ದೀನೋ, ಹೆಣದ ಗಾಡೀಲೋ," ಎಂದು ಗೊಣಗಿದ. ಅವಿನಾಶಿ ಕಳೆದ ಮೇಲೆ ಗಾಳಿ ಎದುರಾಯಿತು. ರಸ್ತೆಬದಿಯ ಹುಣಸೆಮರಗಳು ಪೂರ್ವಕ್ಕೆ ಬಾಗಿ ಹಾಗೇ ನಿಂತಿದ್ದವು. ಪಾವಾಯಿ ವೇಗವನ್ನು ಐವತ್ತಕ್ಕೆ ಇಳಿಸಿದಳು.

"ಎತ್ತಿನ ಗಾಡಿ ಹಾಗೆ ಹೋಗ್ತಿದ್ದೀಯಲ್ಲೇ."

"ಐವತ್ತೇ. ನೀವು ಬೇಕಾದ್ರೆ ಇಳಿದು ಓಡಿ."

ಮುಂದೆ ಸಿಮೆಂಟಿನ ಟಿಪ್ಪರೊಂದು ಇನ್ನೂ ನಿಧಾನವಾಗಿ ಹೋಗುತ್ತಿತ್ತು. ಹಿಂದಿಕ್ಕಲು ದಾರಿಯಿತ್ತು, ಕೈ ತುರಿಸುತ್ತಿತ್ತು. ಗಾಳಿಯನ್ನು ಅದೇ ಸೀಳಲಿ ಎಂದು ಪಾವಾಯಿ ದೂರ ಬಿಟ್ಟುಕೊಂಡು ಅದರ ಹಿಂದೆಯೇ ಹೋದಳು. ಕಾಳಿಯಣ್ಣನ್‌ನ ಲಾರಿ ಪಕ್ಕದಿಂದ ಹಾರ್ನು ಹೊಡೆದುಕೊಂಡು ಹೋಯಿತು. ಎಡ ಸೀಟಿನಲ್ಲಿದ್ದವನನ್ನು ಕಂಡು ಹಾರ್ನು ಅರ್ಧಕ್ಕೇ ನಿಂತಿತು.

ಮದುಕ್ಕರೈಯಲ್ಲಿ ಅಂಕಿ ಇನ್ನೂ ಕೆಂಪಾಗಿರಲಿಲ್ಲ. ಆಚೆಗೆ ಗಾಳಿಯ ಬಾಯಿ. ಸ್ಟೇರಿಂಗ್ ಅವಳ ಕೈಯಲ್ಲಿ ಎಳೆದಾಡಿತು, ಮಳೆಯ ಹನಿಗಳು ಅಡ್ಡಡ್ಡ ಬಂದು ಗಾಜಿಗೆ ಹೊಡೆದವು. ಸೆಂಗೋಡನ್ ಪರದೆಯ ಕಡೆಗೇ ಬಗ್ಗಿ ಕೂತಿದ್ದ. ಹಣೆಯ ಮೇಲೆ ಬೆವರು. ಬೆನ್ನು ನೋಯುತ್ತಿದೆಯೆಂದು ಅವಳಿಗೆ ಗೊತ್ತಾಯಿತು, ಕೇಳಲಿಲ್ಲ.

"ಇಳಿಜಾರಿದೆ, ಕಾಲು ಎತ್ತು."

"ಎತ್ತಿದ್ದೀನಿ."

"ಪೂರ್ತಿ ಎತ್ತು."

"ಇನ್ನೂ ಎತ್ತಿದ್ರೆ ನಿಮ್ಮ ತೊಡೆ ಮೇಲೆ ಇಡ್ಬೇಕಷ್ಟೇ!"

ಅವನು ನಕ್ಕ. ನಕ್ಕದ್ದಕ್ಕೆ ಬೆನ್ನಿಗೆ ಚಳುಕು ಹೊಡೆದು ಅಯ್ಯೋ ಅಂದ. ಲಾರಿ ವಾಳಯಾರು ತಲುಪಿತು. ಚಾರ್ಜಿಂಗ್ ಕೇಂದ್ರದ ಫಲಕ ಬಂತು. ನಿಲ್ಲಬೇಕೆ, ಹೋಗಬೇಕೆ? ಅಂಕಿ ಈಗ ಕೆಂಪಿಗೆ ತಿರುಗಿತ್ತು. ಪಾವಾಯಿ ಗಂಡನ ಮುಖ ನೋಡಿದಳು. ಇದು ತನ್ನ ಲಾರಿಯಲ್ಲ, ಅವಳದು ಎಂದು ಒಪ್ಪಿಕೊಂಡವನ ಹಾಗೆ ಅವನು ಕೈ ಕಟ್ಟಿ ಕೂತ. ಅವಳು ಎದುರಿನ ಮರಗಳನ್ನು ನೋಡಿದಳು, ಅಂಕಿಯನ್ನು ಇನ್ನೊಮ್ಮೆ ನೋಡಿದಳು, ಫಲಕ ದಾಟಿ ಮುಂದಕ್ಕೆ ಹೋದಳು.

ಮೊಯ್ದು ಗೋದಾಮಿನ ಗೇಟಿನೊಳಗೆ ಲಾರಿ ನುಗ್ಗಿದಾಗ ಆಮೆ ಕಾಣಿಸಿಕೊಂಡಿರಲಿಲ್ಲ. ಹತ್ತು ಗಂಟೆಗೂ ಇನ್ನೂ ಹೊತ್ತಿತ್ತು. ಮೊಯ್ದು ಹೊರಗೆ ಬಂದು, ಲಾರಿಯ ತಲೆಯ ಮೇಲಿನ ಬಿಳಿ ಗೂನನ್ನು ದಿಟ್ಟಿಸಿದರು.

"ಇದೇನು ಪಾವಾಯಿ, ಲಾರಿ ಗರ್ಭಿಣಿಯಾ?"

"ತಲೆ ಮೇಲೆ ಯಾರಿಗಾದ್ರೂ ಬಸಿರಾಗುತ್ತಾ ಭಾಯ್? ಮೊದಲು ಇವರಿಗೆ ಮಲಗೋಕೆ ಜಾಗ ಕೊಡಿ."

ಟ್ರೇ ಇಳಿಸಿ ಮುಗಿಯುವವರೆಗೆ ಸೆಂಗೋಡನ್ ಗೋದಾಮಿನ ತಣ್ಣನೆ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದ. ಮೊಯ್ದು ಅವನಿಗೆ ಹಾಲು ಹಾಕದ ಕಟ್ಟನ್ ಚಾಯ ತಂದುಕೊಟ್ಟು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಆ ತಗಡಿನ ಪೂರ್ವೋತ್ತರವನ್ನೆಲ್ಲ ಕೇಳಿದರು. ಆಡಿ ಮುಗಿದ ಮೇಲೆ ಬೇರೆ ಲಾರಿ ನೋಡುವ ಮಾತನ್ನು ಅವರಾಗಿ ಎತ್ತಲಿಲ್ಲ. ಪಾವಾಯಿಯೂ ಕೆದಕಲಿಲ್ಲ. "ನಾಳೆ ನೂರು ಟ್ರೇ ಜಾಸ್ತಿ ತಾ," ಎಂದಷ್ಟೇ ಹೇಳಿದರು.

"ಜಾಸ್ತಿ ತಂದ್ರೆ ಹೊರೆ ಎತ್ತರ ಆಗುತ್ತೆ. ಆಗಲ್ಲ ಭಾಯ್," ಅಂದಳು ಪಾವಾಯಿ. ಮೊಯ್ದು ಅವಳನ್ನೊಮ್ಮೆ ನೋಡಿ, ಇಷ್ಟೇ ಸಾಕು ಬಿಡು ಎಂದರು.

ಆ ಓಟದ ಬೆಲೆಯನ್ನು ಸೆಂಗೋಡನ್ ಒಂದು ವಾರ ಮಲಗಿ ತೀರಿಸಿದ. ಮತ್ತೆ ಅವನು ಪಾಲಕ್ಕಾಡಿಗೆ ಹೋಗಲಿಲ್ಲ. ಪಾವಾಯಿಗೂ ಎಲ್ಲ ದಿನ ಗೆಲುವಾಗಲಿಲ್ಲ. ಗಾಳಿ ಮಳೆ ಎರಡೂ ಸೇರಿ ಬಂದ ಒಂದು ದಿನ ವಾಳಯಾರಿನಲ್ಲಿ ನಿಂತು, ತಡವಾಗಿ ಹೋಗಿ, ಮೊಯ್ದು ಅವರಿಂದ ಬೈಸಿಕೊಂಡಳು. ಅವರು ಬೈದರು, ಮೊಟ್ಟೆ ಇಳಿಸಿಕೊಂಡರು. ಆಡಿ ಕಳೆದು ಆವಣಿ ಬಂದಾಗಲೂ ಆ ಗೋದಾಮಿಗೆ ಹೋಗುತ್ತಿದ್ದುದು ಅವಳ ಲಾರಿಯೇ.

ಒಂದು ಸಂಜೆ ಅವಳು ಮನೆಗೆ ಬಂದಾಗ ಬೇವಿನ ಕೆಳಗೆ ಯಾರೂ ಇರಲಿಲ್ಲ. ಶೆಡ್ಡಿಗೆ ಹೋಗಿ ನೋಡಿದರೆ ಕಾಳಿಯಣ್ಣನ್‌ನ ಡೀಸೆಲ್ ಲಾರಿ ನಿಂತಿದೆ, ಅದರ ತಲೆಯ ಮೇಲೆ ರಟ್ಟಿನ ಗೂನು ಕೂತಿದೆ. ಮಾರಪ್ಪನ್ ಏಣಿಯ ಮೇಲಿದ್ದಾನೆ. ಸೆಂಗೋಡನ್ ಬೆನ್ನಿಗೆ ಬೆಲ್ಟು ಬಿಗಿದುಕೊಂಡು ದೂರದಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾನೆ.

"ಏನಣ್ಣ, ಡೀಸೆಲ್ ಲಾರಿಗೂ ಕೊಡೆ ಬೇಕಾಯ್ತಾ?" ಎಂದಳು ಪಾವಾಯಿ.

ಕಾಳಿಯಣ್ಣನ್ ತಲೆ ಕೆರೆದುಕೊಂಡ. "ಸುಮ್ನೆ, ನೋಡೋಣ ಅಂತ ತಂಗಿ."

"ಎತ್ತರ ಸಾಲ್ದು," ಎಂದ ಸೆಂಗೋಡನ್ ಅವಳ ಕಡೆ ತಿರುಗದೆಯೇ. "ಪಾವಾ, ನೀನು ಈ ಕಡೆಯಿಂದ ನೋಡು. ನಿಂಗೇನನ್ಸುತ್ತೆ?"

ಪಾವಾಯಿ ಅವನ ಪಕ್ಕಕ್ಕೆ ಹೋಗಿ ನಿಂತು ನೋಡಿದಳು. "ಎತ್ತರ ಸರಿ ಇದೆ," ಅಂದಳು. "ಹೊರೆ ತಗ್ಗಿಸೋಕೆ ಹೇಳಿ."